ನೆಂಟರ ಮೇಳ

ಮುಳಬಾಗಿಲಿಗೆ ಕೆಲವೇ ಮೈಲಿಗಳ ದೂರದಲ್ಲಿರುವ ಕುರುಡುಮಲೆಗೆ ನಾವು ಈಚೆಗೆ ಮನೆಮಂದಿಯೊಡನೆ ಹೋಗಿದ್ದೆವು. ಎರಡಾಳೆತ್ತರವನ್ನೂ ಮೀರಿದ ಏಕಶಿಲಾ ಗಣಪತಿಯ ದರ್ಶನವಾದ ಮೇಲೆ ಸೋಮೇಶ್ವರನ ಗುಡಿಯ ನೆರಳಿನಲ್ಲಿ ಕುಳಿತೆವು. ಈ ಗುಡಿಯ ಒಂದು ಭಾಗವನ್ನು ಜಕಣಾಚಾರಿಯೂ ಮತ್ತೊಂದು ಭಾಗವನ್ನು ಆತನ ಮಗ ಡಂಕಣನೂ ಕಡೆದರೆಂದು ಊರವರು ಹೇಳುವರು. ದೇವತೆಗಳು ಬಂದು ಕೂಡಿದ ಮಲೆಯಾದುದರಿಂದ ಕೂಡುಮಲೆಯೆಂದಿದ್ದ ಹೆಸರೇ ಬಾಯಿಂದ ಬಾಯಿಗೆ ಹಾಯ್ದು ಕುರುಡುಮಲೆಯಾಯಿತೆಂಬುದೂ ಅವರದೇ ಮಾತು. ಇದರ ನಿಜಾನಿಜಗಳನ್ನು ಬಲ್ಲವರಿಗೆ ಬಿಡೋಣ. ನಮ್ಮೊಡನೆ ಬಂದಿದ್ದ ತಮ್ಮನ ಮಗನು, ಗಿಟಾರು ಕಲಿಯುತ್ತಿರುವ ಹುಡುಗ, ಈ ಹೆಸರಿನ ಕಥೆಯನ್ನು ಕೇಳಿ, “ದೊಡ್ಡಪ್ಪಾ, ಗಿಟಾರಿನವರೂ ಮೃದಂಗದವರೂ ಕೂಡಿ ನುಡಿಸಿದರೆ ಅದು ಯಾರ ಸಂಗೀತವೆನಿಸುವುದು?” ಎಂದನು. ಅಲ್ಲಿ ಉತ್ತರ ಹೊಳೆಯಲಿಲ್ಲ. ಈ ತಿಂಗಳ ಬರಹವು ಆ ಸಾಲದ ತೀರಿಕೆ.

ರೆಜ್ ಅಬ್ಬಾಸಿ ಎಂಬ ಗಿಟಾರು ವಾದಕರುಂಟು. 1965ರಲ್ಲಿ ಕರಾಚಿಯಲ್ಲಿ ಹುಟ್ಟಿ, ಎಳವೆಯಲ್ಲಿಯೇ ಅಮೆರಿಕೆಯ ಕ್ಯಾಲಿಫೋರ್ನಿಯಕ್ಕೆ ಹೋಗಿ ಬೆಳೆದವರು. ಜಾಝ್ ಅವರ ಕಸುಬು. ಆದರೂ ಭಾರತಕ್ಕೆ ಬಂದು ಉಸ್ತಾದ್ ಅಲ್ಲಾರಖಾ ಅವರ ಬಳಿ ಲಯವನ್ನು ಅಭ್ಯಾಸ ಮಾಡಿದರು. ಜಾಝ್ ಎಂದೊಡನೆ ಗದ್ದಲವೆಂದು ಕಿವಿ ಮುಚ್ಚಿಕೊಳ್ಳುವ ವಾಚಕರು ಒಂದು ಮಾತನ್ನು ನೆನೆಯಬೇಕು. ಅಮೆರಿಕೆಯ ನೀಗ್ರೋ ಸಂತತಿಯೆಂದು ಹಿಂದೆ ಕರೆಯಲ್ಪಡುತ್ತಿದ್ದ, ಆಫ್ರಿಕ ಮೂಲದ ಜನರಲ್ಲಿ ಹುಟ್ಟಿದ ಆ ಸಂಗೀತದಲ್ಲಿ, ಮೊದಲು ಒಂದು ಗೊತ್ತಾದ ಮಟ್ಟನ್ನು ಎಲ್ಲರೂ ನುಡಿಸಿ, ಆಮೇಲೆ ಒಬ್ಬೊಬ್ಬರೂ ತಮ್ಮ ಕಲ್ಪನೆಯಂತೆ ಅದನ್ನು ಬೆಳೆಸುವರು. ನಮ್ಮ ಮನೋಧರ್ಮಕ್ಕೆ ಇದು ತೀರ ದೂರದ್ದಲ್ಲ.

ಈ ಅಬ್ಬಾಸಿಯವರು 2008ರಲ್ಲಿ ಹೊರಬಂದ ‘ಕಿನ್ಸ್‌ಮೆನ್’ ಎಂಬ ಧ್ವನಿಮುದ್ರಿಕೆಯಲ್ಲಿ ಗಿಟಾರು ನುಡಿಸಿದರು. ಹೆಸರಿನ ಅರ್ಥ ನೆಂಟರು ಎಂದು. ಮೇಳದ ನಾಯಕರಿಬ್ಬರೂ ಸ್ಯಾಕ್ಸೊಫೋನಿನವರು, ಇಬ್ಬರೂ ನಮ್ಮವರು. ಒಬ್ಬರು ಅಮೆರಿಕೆಯಲ್ಲಿ ಬೆಳೆದ, ಕನ್ನಡ ಮನೆತನದ ರುದ್ರೇಶ ಮಹಂತಪ್ಪನವರು; ಇನ್ನೊಬ್ಬರು ದಕ್ಷಿಣ ಕನ್ನಡದ ಕದ್ರಿ ಗೋಪಾಲನಾಥರು. ಜೊತೆಗೆ ಎ. ಕನ್ಯಾಕುಮಾರಿಯವರ ಪಿಟೀಲು, ಪೂವಲೂರು ಶ್ರೀಜಿಯವರ ಮೃದಂಗ, ಪಾಶ್ಚಾತ್ಯರ ದೊಡ್ಡ ಬೇಸ್ ವಾದ್ಯ ಮತ್ತು ಡ್ರಮ್ಮುಗಳು.

ಇಂತಹ ಮೇಳಕ್ಕೆ ಸಂಗೀತವನ್ನು ಬರೆಯುವುದು ಎಷ್ಟು ಕಠಿನವೆಂಬುದನ್ನು ವೀಣೆಯಿರುವ ಮನೆಯವರು ಸುಲಭವಾಗಿ ಅರಿಯಬಲ್ಲರು. ವೀಣೆಗೂ ಗಿಟಾರಿಗೂ ಒಂದು ಸ್ಥಾಯಿಗೆ ಹನ್ನೆರಡೇ ಮೆಟ್ಟಿಲು. ಆದರೆ ವೀಣೆಯ ಮೆಟ್ಟಿಲು ಎತ್ತರವಾದುದು. ತಂತಿಯನ್ನು ಪಕ್ಕಕ್ಕೆ ಎಳೆದು ಒಂದೇ ಮೆಟ್ಟಿಲಿನಲ್ಲಿ ಹಲವು ಸ್ವರಗಳನ್ನು ತೋರಿಸಬಹುದು. ಗಿಟಾರಿನಲ್ಲಿ ಎಳೆತವು ಬೇಗ ಮುಗಿದುಹೋಗುತ್ತದೆ. ಅದರ ಬಲವಿರುವುದು ಬೇರೆ ಕಡೆ. ಮೂರು ನಾಲ್ಕು ಸ್ವರಗಳನ್ನು ಒಮ್ಮೆಗೇ ನುಡಿಸಿ, ಹಾಡಿನ ಕೆಳಗೆ ಹಾಸನ್ನು ಹಾಸಿ, ಆ ಹಾಸನ್ನು ಕ್ಷಣಕ್ಷಣಕ್ಕೂ ಬದಲಾಯಿಸುತ್ತ ಹೋಗುವುದು ಅದರ ವಿದ್ಯೆ. ಅಪಾಯವಿರುವುದೂ ಅಲ್ಲಿಯೇ. ನಮ್ಮ ತಂಬೂರಿಯು ಎಂದಿಗೂ ಕದಲುವುದಿಲ್ಲವಷ್ಟೆ. ಗೋಪಾಲನಾಥರು ಮೋಹನವನ್ನು ನುಡಿಸುತ್ತಿರುವಾಗ ಕೆಳಗಿನ ಗಿಟಾರು ಗಾಂಧಾರವನ್ನೇ ಆಧಾರವೆಂಬಂತೆ ಒತ್ತಿ ನುಡಿಸಿತೆನ್ನಿ. ಕೇಳುವವರ ಕಿವಿಯಲ್ಲಿ ಆ ಗಾಂಧಾರವೇ ಷಡ್ಜವಾಗಿ ನಿಂತು, ಒಂದು ಸ್ವರವೂ ಬದಲಾಗದೆ ಮೋಹನವು ಹಿಂದೋಳವಾಗಿಬಿಡುವುದು. ವಿದ್ವಾಂಸರು ಗ್ರಹಭೇದವೆಂದು ಬೇಕೆಂದೇ ಮಾಡುವ ಚಮತ್ಕಾರವು ಇಲ್ಲಿ ಬೇಡದಿದ್ದರೂ ಆಗುವ ಅವಘಡ. ಆದುದರಿಂದ ಗಿಟಾರಿನವನಿಗೆ ಏನನ್ನು ನುಡಿಸಬೇಕೆಂಬುದರಷ್ಟೇ ಏನನ್ನು ನುಡಿಸಬಾರದೆಂಬ ವಿವೇಕವೂ ಬೇಕು. ಹೆಚ್ಚು ಸ್ವರಗಳನ್ನು ಬಲ್ಲವನು ಕಡಿಮೆ ಸ್ವರಗಳಲ್ಲಿ ನಿಲ್ಲುವುದು ಅಷ್ಟು ಹಗುರವಾದ ಕೆಲಸವಲ್ಲ.

ತಾಳದಲ್ಲಿಯಾದರೋ ಒಪ್ಪಂದ ಸುಲಭ, ಲೆಕ್ಕಕ್ಕೆ ದೇಶಭೇದವಿಲ್ಲ. ಆದಿತಾಳದ ಮೂವತ್ತೆರಡು ಮಾತ್ರೆಗಳಲ್ಲಿ ಹದಿಮೂರನ್ನು ಬಿಟ್ಟು, ‘ತದಿಗಿಣತೊಂ’ ಎಂಬ ಐದಕ್ಷರವನ್ನು ಮೂರು ಸಲ, ನಡುವೆ ಎರಡೆರಡು ಮಾತ್ರೆಗಳ ಬಿಡುವಿನೊಡನೆ ಹೇಳಿದರೆ, ಸರಿಯಾಗಿ ಸಮಕ್ಕೆ ಬಂದು ನಿಲ್ಲುವುದು. ಮಕ್ಕಳಿಂದ ಎಣಿಸಿಸಿ ನೋಡಬಹುದು. ಮೃದಂಗದವನೂ ಡ್ರಮ್ಮಿನವನೂ ಈ ಲೆಕ್ಕದಲ್ಲಿ ಒಬ್ಬರ ಕೈಯನ್ನೊಬ್ಬರು ಹಿಡಿಯುವರು.

ಇನ್ನು ಗೋಪಾಲನಾಥರ ವಿಷಯ. ನಾಗಸ್ವರದವರ ಮನೆಯಲ್ಲಿ 1949ರಲ್ಲಿ ಹುಟ್ಟಿದ ಅವರು ಮೈಸೂರಿನ ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನನ್ನು ಕೇಳಿ ಮನಸೋತರು. ಬಿಡಿಬಿಡಿಯಾಗಿ ಸ್ವರವನ್ನು ಕೊಡುವ ಆ ಲೋಹದ ವಾದ್ಯದಲ್ಲಿ ಗಮಕವನ್ನು ತರಲು ವಾದ್ಯಕ್ಕೇ ಮಾರ್ಪಾಡು ಮಾಡಿ ಬಹುಕಾಲ ಶ್ರಮಿಸಿದರು. 2019ರಲ್ಲಿ ಅವರು ತೀರಿಕೊಂಡಾಗ, ಅದು ಪರಕೀಯ ವಾದ್ಯವೆಂದು ಹೇಳುವವರು ನಮ್ಮ ಸಭೆಗಳಲ್ಲಿ ಉಳಿದಿರಲಿಲ್ಲ. ಅಮೆರಿಕೆಯಲ್ಲಿ ಜಾಝ್ ಕಲಿಯುತ್ತಿದ್ದ ಮಹಂತಪ್ಪನವರಿಗೆ ಅವರ ಅಣ್ಣ ತಮಾಷೆಗೆಂದು ಗೋಪಾಲನಾಥರ ಮುದ್ರಿಕೆಯೊಂದನ್ನು ಕೊಟ್ಟರಂತೆ. ತಮಾಷೆಯು ತಮ್ಮನಿಗೆ ದಾರಿಯಾಯಿತು.

ಹೊರನಾಡಿನಲ್ಲಿ ಮಕ್ಕಳಿರುವ ವಾಚಕರಿಗಾಗಿ ಇನ್ನೊಂದನ್ನು ಹೇಳಬೇಕಾಗಿದೆ. ‘ನೀನು ಇಂಡಿಯನ್ ಭಾಷೆಯನ್ನಾಡುವೆಯಾ?’ ಎಂದು ಅಮೆರಿಕೆಯವರು ಕೇಳುವ ಪ್ರಶ್ನೆಗೆ ಅಂತಹ ಭಾಷೆಯೇ ಇಲ್ಲವಲ್ಲ! ಮಹಂತಪ್ಪನವರು ಈ ಬಗೆಯ ಪ್ರಶ್ನೆಯನ್ನು ಅಲ್ಲಿಯ ಭಾರತೀಯರಿಗೆ ಹಾಕಿ, ಅವರು ತಮ್ಮ ತಮ್ಮ ನುಡಿಯಲ್ಲಿ ಕೊಟ್ಟ ಉತ್ತರಗಳನ್ನು ಮುದ್ರಿಸಿಕೊಂಡು, ಮಾತಿನ ಏರಿಳಿತಗಳನ್ನೇ ಸ್ವರಗಳಾಗಿ ಬರೆದುಕೊಂಡು ಕೃತಿಗಳನ್ನು ಕಟ್ಟಿದರು. 2004ರ ಆ ಮುದ್ರಿಕೆಯ ಹೆಸರು ‘ಮದರ್ ಟಂಗ್’, ತಾಯ್ನುಡಿ. ಅದರಲ್ಲಿ ಒಂದು ಕೃತಿಯ ಹೆಸರು ‘ಕನ್ನಡ’.

ಅಬ್ಬಾಸಿಯವರು ತಮ್ಮದೇ ‘ಇನ್ವೊಕೇಶನ್’ ಎಂಬ ಮೇಳಕ್ಕಾಗಿ ಮೂರು ಮುದ್ರಿಕೆಗಳನ್ನು ರಚಿಸಿರುವರು. 2009ರದು ಹಿಂದುಸ್ತಾನಿಯ ಕಡೆಗೆ, 2011ರದು ಕವ್ವಾಲಿಯ ಕಡೆಗೆ, 2017ರ ‘ಅನ್‌ಫಿಲ್ಟರ್ಡ್ ಯೂನಿವರ್ಸ್’ ನಮ್ಮ ಕರ್ಣಾಟಕ ಸಂಗೀತದ ಕಡೆಗೆ ಮೊಗವಿಟ್ಟಿವೆ. ಮೂರನೆಯದರಲ್ಲಿ ಮೃದಂಗವಿಲ್ಲ, ತಂಬೂರಿಯಿಲ್ಲ. ಗಿಟಾರು, ಮಹಂತಪ್ಪನವರ ಸ್ಯಾಕ್ಸೊಫೋನು, ವಿಜಯ ಅಯ್ಯರ್ ಅವರ ಪಿಯಾನೊ, ಸೆಲ್ಲೊ, ಬೇಸ್, ಡ್ರಮ್ಮುಗಳು ಮಾತ್ರ. ಉಡುಗೆಯನ್ನು ಎರವಲು ತರದೆ ಲೆಕ್ಕವನ್ನೂ ನಡೆಯನ್ನೂ ಒಳಗೆ ಜೀರ್ಣಿಸಿಕೊಂಡಿರುವುದರಿಂದ ನಮಗೆ ಇದೇ ಹೆಚ್ಚು ಮೆಚ್ಚಿಕೆಯಾಯಿತು. ಎಲ್ಲ ಕಡೆಯೂ ಹಿತವಾಗಿದೆಯೆಂದು ನಾವು ಹೇಳಲಾರೆವು. ಕೆಲವೆಡೆ ಕಿವಿ ದಣಿಯಿತು. ಹುಡುಗನ ಪ್ರಶ್ನೆಗೆ ಇಷ್ಟನ್ನು ಹೇಳಬಹುದು: ದುಡಿದು ಬಂದವರಿಗೆಲ್ಲ ಅದರಲ್ಲಿ ಪಾಲುಂಟು, ನಾಗಸ್ವರದ ಮನೆಯವರಿಗೂ, ಕರಾಚಿಯಿಂದ ಹೋದವರಿಗೂ.

ಊರಿಗೆ ಮರಳಿದ ಮೇಲೆ ಅವನು ‘ಕನ್ನಡ’ ಎಂಬ ಆ ಕೃತಿಯನ್ನು ಮನೆಯಲ್ಲಿ ಹಾಕಿದನು. ವೀಣೆ ಬಲ್ಲ ನಮ್ಮ ಅತ್ತಿಗೆಯವರು ಸೊಪ್ಪು ಬಿಡಿಸುತ್ತ ಕೇಳುತ್ತಿದ್ದರು. “ಇದರಲ್ಲಿ ಒಂದು ಮಾತೂ ಇಲ್ಲವಲ್ಲಪ್ಪ, ಕನ್ನಡವೆಲ್ಲಿ?” ಎಂದರು. ಅವನು ವಿವರಿಸಿದನು. ಅವರು ಸೊಪ್ಪನ್ನು ಪಕ್ಕಕ್ಕಿಟ್ಟು, “ಹಾಗಾದರೆ ಮೊದಲಿನಿಂದ ಹಾಕು,” ಎಂದರು.