ಚಿತ್ರಕ್ಕೊಂದು ವಿಳಾಸ ಬೇಡವೆ?

‘ದೇಶ ಸುತ್ತು, ಕೋಶ ಓದು’ ಎಂಬ ಮಾತನ್ನು ನಾವೆಲ್ಲ ಪ್ರಾಥಮಿಕ ಶಾಲೆಯಿಂದಲೂ ಕೇಳುತ್ತ ಬಂದವರೇ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲು. ದೇಶ ಸುತ್ತಿದವರಲ್ಲಿ ಅಜ್ಜ ಮೊದಲು. ಅವರು ಊರಿನವರೊಡನೆ ಒಮ್ಮೆ ಯಾತ್ರೆಗೆ ಹೋದಾಗ ತೆಗೆಸಿಕೊಂಡ ಛಾಯಾಚಿತ್ರವೊಂದು ಇಂದಿಗೂ ಮನೆಯ ಟ್ರಂಕಿನಲ್ಲಿದೆ. ಹಿಂದೆ ಗೋಪುರ, ಮುಂದೆ ಕಲ್ಲಿನ ಮೆಟ್ಟಿಲು, ನಡುವೆ ಕೊಡೆ ಹಿಡಿದು ನಿಂತ ಅಜ್ಜ. ಅದು ಯಾವ ಊರು? ಅಜ್ಜಿ ಒಂದು ಹೆಸರು ಹೇಳುತ್ತಾರೆ, ದೊಡ್ಡಪ್ಪ ಮತ್ತೊಂದು ಹೇಳುತ್ತಾರೆ. ಅಜ್ಜನಿಗೆ ಬರೆಯಲು ಬರುತ್ತಿರಲಿಲ್ಲ. ಚಿತ್ರದ ಬೆನ್ನು ಬರಿದಾಗಿದೆ. ಹೇಳಬಲ್ಲವರು ಈಗಿಲ್ಲ.

ಸ್ಥಳ ತಿಳಿಯದ ಪ್ರವಾಸಚಿತ್ರವು ವಿಳಾಸವಿಲ್ಲದ ಕಾಗದದಂತೆ ಎಂಬುದು ನನ್ನ ಅಭಿಪ್ರಾಯ. ಈ ಕೊರತೆಯನ್ನು ನೀಗುವ ಸಾಧನ ಇಂದು ನಮ್ಮ ಕೈಯಲ್ಲೇ ಇದೆ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಜಿ.ಪಿ.ಎಸ್. ಉಪಗ್ರಹಗಳ ಪೈಕಿ ನಾಲ್ಕರ ಸಂಕೇತ ದೊರೆತರೆ ಸಾಕು, ನಾವು ನಿಂತ ಸ್ಥಳದ ಅಕ್ಷಾಂಶ ರೇಖಾಂಶಗಳನ್ನು ಲೆಕ್ಕ ಹಾಕಿ ಚಿತ್ರದೊಳಗೇ ಬರೆದಿಡಬಹುದು. 2008ರ ನಿಕಾನ್ ಕೂಲ್‌ಪಿಕ್ಸ್ ಪಿ6000ದಂಥ ಪುಟ್ಟ ಕ್ಯಾಮೆರಾದಲ್ಲೇ ಈ ಅನುಕೂಲವಿತ್ತು. ಇಂದು ಫೋನುಗಳಲ್ಲೆಲ್ಲ ಇದೆ. ದಶಮಾಂಶದ ನಾಲ್ಕನೆಯ ಸ್ಥಾನದವರೆಗೆ ಅಕ್ಷಾಂಶವನ್ನು ಬರೆದರೆ ಅದು ನೆಲದ ಮೇಲೆ ಸುಮಾರು 11 ಮೀಟರಿನಷ್ಟು ಸೂಕ್ಷ್ಮ. ಭೂಗೋಳದ ಪರೀಕ್ಷೆಗೆಂದು ಬಾಯಿಪಾಠ ಮಾಡಿದ ರೇಖೆಗಳಿಗೆ ಇಷ್ಟೊಂದು ಉಪಯೋಗವಿದೆಯೆಂದು ನಾನು ಎಣಿಸಿರಲಿಲ್ಲ.

ಕಳೆದ ವರ್ಷ ಹಂಪಿಯ ಪ್ರವಾಸಕ್ಕೆ ಮಾವನ ಹಳೆಯ ಕ್ಯಾಮೆರಾವನ್ನು ಬೇಡಿ ಒಯ್ದಿದ್ದೆ. ಅದರಲ್ಲಿ ಜಿ.ಪಿ.ಎಸ್. ಇರಲಿಲ್ಲ. ಆದರೆ ಗೆಳೆಯನ ಫೋನು ನಾವು ನಡೆದ ದಾರಿಯನ್ನು ಹೊತ್ತಿನ ಸಮೇತ ದಾಖಲಿಸುತ್ತಿತ್ತು. ಚಿತ್ರ ತೆಗೆದ ಹೊತ್ತನ್ನೂ ದಾರಿಯ ಹೊತ್ತನ್ನೂ ಕಂಪ್ಯೂಟರಿನಲ್ಲಿ ತಾಳೆ ಹಾಕಿದರೆ ಪ್ರತಿಯೊಂದು ಚಿತ್ರಕ್ಕೂ ಸ್ಥಳ ದೊರೆಯುತ್ತದೆ. ಹಾಗೆಯೇ ಮಾಡಿದೆವು. ನೋಡಿದರೆ ವಿಠ್ಠಲ ದೇವಾಲಯದ ಕಲ್ಲಿನ ರಥ ತುಂಗಭದ್ರೆಯ ದಂಡೆಗೆ ಹೋಗಿ ನಿಂತಿದೆ! ‘ರಥೋತ್ಸವ ಯಾವಾಗ ನಡೆಯಿತಪ್ಪ?’ ಎಂದು ಗೆಳೆಯರು ನಕ್ಕರು. ಕ್ಯಾಮೆರಾದ ಗಡಿಯಾರ ಇಪ್ಪತ್ತು ನಿಮಿಷ ಹಿಂದಿತ್ತು. ಆ ಇಪ್ಪತ್ತು ನಿಮಿಷ ಮೊದಲು ನಾವು ದಂಡೆಯ ಮೇಲೆ ನಡೆಯುತ್ತಿದ್ದೆವು. ಹೊರಡುವಾಗ ಫೋನಿನ ಗಡಿಯಾರದ್ದೇ ಒಂದು ಚಿತ್ರ ತೆಗೆದುಕೊಂಡಿದ್ದರೆ ಈ ವ್ಯತ್ಯಾಸವನ್ನು ಸುಲಭವಾಗಿ ಸರಿಪಡಿಸಬಹುದಿತ್ತು.

‘ಎಲ್ಲರಿಗೂ ತಿಳಿದಿರುವ ಕಲ್ಲಿನ ರಥಕ್ಕೆ ವಿಳಾಸವೇಕೆ?’ ಎಂದು ಕೆಲವರು ಕೇಳಬಹುದು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಹಂಪಿಯಲ್ಲಿ ತೆಗೆದ ಚಿತ್ರದಲ್ಲಿ ಇದೇ ರಥದ ಮೇಲೆ ಇಟ್ಟಿಗೆಯ ಶಿಖರವಿದೆ, ಇಂದು ಅದಿಲ್ಲ. 1980ರ ದಶಕದಲ್ಲಿ ಆಸ್ಟ್ರೇಲಿಯದ ಜಾನ್ ಗಾಲಿಂಗ್ಸ್ ಅವರು ಗ್ರೀನ್‌ಲಾ ನಿಂತಿದ್ದ ಜಾಗಗಳನ್ನು ಹುಡುಕಿ, ಅಲ್ಲಿಂದಲೇ ಮತ್ತೆ ಚಿತ್ರ ತೆಗೆದರು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟರೆ ಅಳಿದದ್ದು ಯಾವುದು, ಉಳಿದದ್ದು ಯಾವುದು ಎಂಬುದು ಕಣ್ಣಿಗೆ ಕಟ್ಟುತ್ತದೆ. ನಮ್ಮೂರಿನ ಕೆರೆಯ ತೂಬು, ಹಾಳುಬಿದ್ದ ಮಂಟಪ, ಹೊಲದ ಬದುವಿನ ವೀರಗಲ್ಲುಗಳನ್ನು ಹೀಗೆ ಹುಡುಕಿಕೊಂಡು ಯಾರು ಬರುತ್ತಾರೆ? ಅವುಗಳ ಸ್ಥಳವನ್ನು ನಾವೇ ದಾಖಲಿಸಬೇಕು.

ಹಾಗೆಂದು ವಿಳಾಸವನ್ನು ಕಂಡಕಂಡವರಿಗೆ ಕೊಡಬೇಕೆಂದಲ್ಲ. 2012ರ ಡಿಸೆಂಬರಿನಲ್ಲಿ, ಪೊಲೀಸರಿಂದ ತಲೆಮರೆಸಿಕೊಂಡಿದ್ದ ಜಾನ್ ಮೆಕಾಫಿ ಎಂಬ ಉದ್ಯಮಿ ಗ್ವಾಟೆಮಾಲಾದಲ್ಲಿರುವುದು ಬಯಲಾದದ್ದು ಪತ್ರಿಕೆಯೊಂದು ಪ್ರಕಟಿಸಿದ ಚಿತ್ರದೊಳಗಿನ ಅಕ್ಷಾಂಶ ರೇಖಾಂಶಗಳಿಂದಲೇ. ಮನೆಯಂಗಳದ ಚಿತ್ರವನ್ನು ಇದ್ದಂತೆಯೇ ಅಪರಿಚಿತರಿಗೆ ಕಳುಹಿಸಿದರೆ ಮನೆಯ ದಾರಿಯನ್ನೂ ತೋರಿಸಿದಂತೆ. ಹಕ್ಕಿಯ ಗೂಡು, ಕಾಡುಮೃಗಗಳ ನೆಲೆಗಳ ಚಿತ್ರಗಳಿಗೂ ಇದೇ ಮಾತು. ಮೂಲಪ್ರತಿ ನಮ್ಮಲ್ಲಿರಲಿ, ಹಂಚುವ ಪ್ರತಿಯಲ್ಲಿ ಸ್ಥಳವನ್ನು ಅಳಿಸಿಬಿಡೋಣ.

ಇನ್ನೊಂದು ಮಾತು. ಯಂತ್ರ ಅಂಕಿಯನ್ನು ಬರೆದೀತು, ಹೆಸರನ್ನು ಬರೆಯಲಾರದು. ಪಕ್ಕದಲ್ಲಿ ನಿಂತವರು ಯಾರು, ಅಂದು ಮಳೆ ಬಂದಿತ್ತೆ, ಬುತ್ತಿ ಬಿಚ್ಚಿ ಉಂಡದ್ದು ಯಾವ ಮರದ ನೆರಳಿನಲ್ಲಿ, ಇದನ್ನೆಲ್ಲ ಉಪಗ್ರಹ ಅರಿಯದು. ಅದನ್ನು ಬರೆಯಬೇಕಾದವರು ನಾವು. ಹಂಪಿಯ ಹತ್ತು ಚಿತ್ರಗಳನ್ನು ಮುದ್ರಿಸಿ, ಪ್ರತಿಯೊಂದರ ಬೆನ್ನಿಗೂ ಸ್ಥಳ, ದಿನಾಂಕ, ಹೆಸರುಗಳನ್ನು ಪೆನ್ಸಿಲಿನಲ್ಲಿ ಬರೆದು ಅಜ್ಜಿಗೆ ಓದಿ ಹೇಳಿದೆ. ಅವರು ಕೇಳಿ, ‘ಅವತ್ತು ನಿಮ್ಮಜ್ಜನಿಗೂ ಯಾರಾದ್ರೂ ಒಂದು ಸಾಲು ಬರ್ಕೊಟ್ಟಿದ್ರೆ ಆಗ್ತಿತ್ತಲ್ಲ ಮಗ’ ಎಂದರು.

ಆದ್ದರಿಂದ ಗುರುಗಳಲ್ಲಿಯೂ ಸಹಪಾಠಿಗಳಲ್ಲಿಯೂ ನನ್ನದೊಂದು ವಿನಂತಿ. ಪ್ರತಿವರ್ಷದ ಪ್ರವಾಸದ ಚಿತ್ರಗಳನ್ನು ಸ್ಥಳದ ಅಂಕಿ ಹಾಗೂ ಒಂದೆರಡು ಸಾಲಿನ ವಿವರಣೆಯೊಡನೆ ಕಾಲೇಜಿನ ಗ್ರಂಥಾಲಯದಲ್ಲಿ ಇಡುವಂತಾಗಲಿ. ಇದಕ್ಕೆ ತಗಲುವ ಖರ್ಚು ಅತ್ಯಲ್ಪ. ಬರೆಯಲು ಕಲಿತ ನಾವು ಚಿತ್ರದ ಬೆನ್ನನ್ನು ಬರಿದಾಗಿ ಬಿಡಬಾರದು.