ಕೃತಜ್ಞತೆಯು ಸಾಲದ ಮರುಪಾವತಿಯೇ?

‘ದೇವನು ನಿನಗಾಗಿ ಇಷ್ಟೆಲ್ಲ ಮಾಡಿದನು, ನೀನು ಅವನಿಗೆ ಮರಳಿ ಏನು ಕೊಟ್ಟಿರುವೆ?’ ಎಂದು ಕ್ರೈಸ್ತ ಬೋಧಕರು ಕೆಲವರು ವಿಶ್ವಾಸಿಗಳನ್ನು ಪ್ರಶ್ನಿಸುವುದುಂಟು. ಭಕ್ತಿಯಂತೆ ತೋರುವ ಈ ಮಾತು ಯಥಾರ್ಥದಲ್ಲಿ ದೇವನನ್ನು ಲೇವಾದೇವಿಗಾರನ ಸ್ಥಾನಕ್ಕೆ ಇಳಿಸುತ್ತದೆ. ಅಮೆರಿಕದ ಬೋಧಕ ಜಾನ್ ಪೈಪರ್ 1995ರ ‘ಫ್ಯೂಚರ್ ಗ್ರೇಸ್’ ಕೃತಿಯಲ್ಲಿ ಇದನ್ನು ‘ಸಾಲಗಾರನ ನೀತಿ’ ಎಂದು ಖಂಡಿಸಿದ್ದು ನ್ಯಾಯವೇ ಆಗಿದೆ.

ಮತ್ತಾಯನ ಸುವಾರ್ತೆಯ 18ನೆಯ ಅಧ್ಯಾಯದ ಸಾಮತಿಯನ್ನು ಗಮನಿಸಿರಿ. ಸೇವಕನೊಬ್ಬನ ಸಾಲ 10,000 ತಲಾಂತು. ಅಂದರೆ ಸುಮಾರು 6 ಕೋಟಿ ದಿನಗಳ ಕೂಲಿ. ಆದರೂ ಅವನು ಕ್ಷಮೆಯನ್ನು ಬೇಡಲಿಲ್ಲ. ಕಾಲಾವಕಾಶ ಬೇಡಿದನು, ಎಲ್ಲವನ್ನೂ ತೀರಿಸುವೆನೆಂದನು. ಒಡೆಯನು ಸಾಲವನ್ನೇ ಮನ್ನಾ ಮಾಡಿದನು. ಹೊರಬಂದವನು ಕೇವಲ 100 ದಿನಗಳ ಕೂಲಿಗಾಗಿ ಜೊತೆಗಾರನ ಕುತ್ತಿಗೆ ಹಿಸುಕಿದನು! ಅನುಗ್ರಹವನ್ನು ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟವನು ಸಹಮಾನವನನ್ನೂ ಅದೇ ಪುಸ್ತಕದಿಂದ ಅಳೆಯುತ್ತಾನೆ.

‘ಯೇಸು ಕಲಿಸಿದ ಪ್ರಾರ್ಥನೆಯಲ್ಲೂ ಸಾಲದ ಮಾತಿದೆಯಲ್ಲವೇ?’ ಎಂದು ಕೆಲವರು ಆಕ್ಷೇಪಿಸಬಹುದು. ಇದೆ, ನಿಜ. ಆದರೆ ಅಲ್ಲಿ ಸಾಲವೆಂದರೆ ಪಾಪ. ಬೇಡಿಕೆಯು ಮನ್ನಾಕ್ಕಾಗಿಯೇ ಹೊರತು ಕಂತುಗಳಿಗಾಗಿ ಅಲ್ಲ. ಪೌಲನೂ ರೋಮಾಪುರದವರಿಗೆ ಬರೆದ ಪತ್ರದ ಆರಂಭದಲ್ಲಿ ತಾನು ಗ್ರೀಕರಿಗೂ ಇತರ ಜನರಿಗೂ ಸಾಲಗಾರನೆನ್ನುತ್ತಾನೆ. ಅದೇ ಪತ್ರದ 11ನೆಯ ಅಧ್ಯಾಯದಲ್ಲಿ, ದೇವನಿಗೆ ಮೊದಲು ಕೊಟ್ಟು ಪ್ರತಿಫಲಕ್ಕೆ ಹಕ್ಕುದಾರನಾದವನು ಯಾರೂ ಇಲ್ಲವೆಂಬುದನ್ನೂ ಸೂಚಿಸುತ್ತಾನೆ.

ಹಾಗಾದರೆ ಕೃತಜ್ಞತೆಯು ಮನಬಂದರೆ ಸಲ್ಲಿಸುವ ಸೌಜನ್ಯವೇ? ಖಂಡಿತ ಅಲ್ಲ. 13ನೆಯ ಶತಮಾನದ ಥಾಮಸ್ ಅಕ್ವಿನಾಸ್ ಕಾನೂನಿನ ಬಾಧ್ಯತೆಯನ್ನೂ ನೈತಿಕ ಬಾಧ್ಯತೆಯನ್ನೂ ಬೇರ್ಪಡಿಸಿ, ಕೃತಜ್ಞತೆಯನ್ನು ಎರಡನೆಯದರಲ್ಲಿ ಸೇರಿಸಿದನು. ನಮ್ಮ ಕನ್ನಡದಲ್ಲಿ ಈ ಭೇದಕ್ಕೆ ಎರಡು ಪದಗಳೇ ಇವೆ: ಸಾಲ ಮತ್ತು ಋಣ. ಸಾಲವನ್ನು ತೀರಿಸಿ ಸಾಲಿಗನಿಂದ ಮುಕ್ತರಾಗಲು ಬಯಸುತ್ತೇವೆ. ಹೆತ್ತವರ ಋಣದಿಂದ ಹಾಗೆ ಬಿಡುಗಡೆ ಬಯಸುವವನನ್ನು ಕೃತಘ್ನನೆನ್ನುತ್ತೇವೆ. ಕೃತಜ್ಞನೆಂದರೆ ಮಾಡಿದ ಉಪಕಾರವನ್ನು ಅರಿತವನು, ಅದಕ್ಕೆ ಬೆಲೆ ತೆತ್ತವನಲ್ಲ.

ಇದು ಬರಿಯ ಪದಗಳ ಜಗಳವಲ್ಲ. ಸಾಲವೆಂದು ಬಗೆದ ಧನಿಕನು ದೊಡ್ಡ ಕಾಣಿಕೆಯಿತ್ತು ಲೆಕ್ಕ ಚುಕ್ತಾ ಆಯಿತೆಂದು ಬೀಗುತ್ತಾನೆ. ಕೊಡಲಾಗದ ಬಡವನು ತನ್ನ ರೋಗವನ್ನು ದೇವನ ವಸೂಲಿಯೆಂದು ಭಾವಿಸಿ ನಡುಗುತ್ತಾನೆ. ಲೂಕನ ಸುವಾರ್ತೆಯಲ್ಲಿ ಗುಣಹೊಂದಿದ ಹತ್ತು ಕುಷ್ಠರೋಗಿಗಳ ಪೈಕಿ ಮರಳಿ ಬಂದವನು ಒಬ್ಬ ಸಮಾರ್ಯದವನು. ಅವನು ತಂದದ್ದು ಸ್ತುತಿಯನ್ನು ಮಾತ್ರ. ಉಳಿದ ಒಂಬತ್ತು ಮಂದಿ ಎಲ್ಲಿ ಎಂದು ಯೇಸು ಕೇಳಿದರು. ಆದರೆ ಅವರ ಆರೋಗ್ಯವನ್ನು ಹಿಂಪಡೆದರೆಂದು ಅಲ್ಲಿ ಬರೆದಿಲ್ಲ. ಕೊಟ್ಟದ್ದು ಸಾಲವಾಗಿರಲಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷ್ಯ ಬೇಕೇ?