ಮದುವೆಯ ಸಾಲ, ಜೀತದ ಹಗ್ಗ

ಹಾಸ್ಟೆಲ್ಲಿನ ಗೆಳೆಯರೇ, ಗೆಳತಿಯರೇ,

ನಮ್ಮ ಅಜ್ಜಂದಿರು ಧಣಿಯ ಅಂಗಳಕ್ಕೆ ಜೀತಕ್ಕೆ ಬಿದ್ದದ್ದು ಬರೀ ಹಸಿವಿನಿಂದಲ್ಲ. ಎಷ್ಟೋ ಸಲ ಮದುವೆಗೆಂದು ತಂದ ನಾಲ್ಕು ಕಾಸಿಗೆ, ಒಂದು ಮುಡಿ ಅಕ್ಕಿಗೆ. ಆ ಸಾಲ ತೀರಲೇ ಇಲ್ಲ. ಮಗ ದುಡಿದ, ಮೊಮ್ಮಗನೂ ದುಡಿದ. 1976ರ ಜೀತ ರದ್ದತಿ ಕಾಯ್ದೆ ಅಂಥ ಸಾಲವನ್ನೇ ಅಳಿಸಿ ಹಾಕಿತು. ಈಗ ನಾವೇ ಹೋಗಿ ಕುತ್ತಿಗೆ ಕೊಡುತ್ತಿದ್ದೇವೆ. ಧಣಿಯ ಜಾಗದಲ್ಲಿ ವಾರದ ಕಂತಿನವನು ಕೂತಿದ್ದಾನೆ, ಅಷ್ಟೆ.

ಬಜಗೋಳಿ, ಮಾಳ, ನಲ್ಲೂರು ಕಡೆಯ ನಮ್ಮ ಕಾಲೊನಿಗಳನ್ನೇ ನೋಡಿ. ಅಮ್ಮ ಬೀಡಿ ಕಟ್ಟಿ ಮಾಡಿಸಿದ ಬೆಂಡೋಲೆ ಅಡವು. ಹಾಲಿನ ಬಾಡಿಗೆ, ವಿಡಿಯೋ, ಐನೂರು ಜನರ ಊಟ. ಯಾರಿಗೆ ತೋರಿಸಲಿಕ್ಕೆ ಮಾರಾಯ್ರೆ? ನಮ್ಮ ಮನೆಯಲ್ಲಿ ನೀರು ಮುಟ್ಟದವರಿಗೆ!

ಜಾಗ ಮಾರಿ ಚಪ್ಪರ ಹಾಕುವವರೂ ಇದ್ದಾರೆ. ಸರ್ಕಾರ ನಮಗೆ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಮಾರಿದರೆ ಆ ಮಾರಾಟವೇ ಅಸಿಂಧು, ಇದು 1978ರ ಪಿಟಿಸಿಎಲ್ ಕಾಯ್ದೆ. ಬಿಡಿಸಿಕೊಳ್ಳಲು ಕಾಲಮಿತಿ ಇಲ್ಲವೆಂದು 2023ರಲ್ಲಿ ತಿದ್ದಿಯೂ ಆಯಿತು. ಆದರೆ ಬಿಟ್ಟುಕೊಟ್ಟ ಗದ್ದೆ ಮರಳಿ ಬರಲು ಎಷ್ಟು ಜೋಡಿ ಚಪ್ಪಲಿ ಸವೆಯಬೇಕು ಎಂಬುದು ಎ.ಸಿ. ಕಚೇರಿಯ ಮೆಟ್ಟಿಲಿಗೇ ಗೊತ್ತು. ಗೆಳತಿಯರೇ, ಹಿರಿಯರ ಆಸ್ತಿಯಲ್ಲಿ ಮಗಳಿಗೂ ಸಮಪಾಲು ಎಂದು 2005ರ ತಿದ್ದುಪಡಿ ಹೇಳಿದೆ. ಮದುವೆಯ ಗಡಿಬಿಡಿಯಲ್ಲಿ ಅಣ್ಣಂದಿರು ತರುವ ಹಕ್ಕು ಬಿಡುಗಡೆ ಪತ್ರಕ್ಕೆ ಓದದೆ ಸಹಿ ಹಾಕಬೇಡಿ.

ವರದಕ್ಷಿಣೆ? 1961ರ ಕಾಯ್ದೆಯಲ್ಲಿ ತೆಗೆದುಕೊಳ್ಳುವುದಷ್ಟೇ ಅಲ್ಲ, ಕೊಡುವುದೂ ಅಪರಾಧ. ಸಭೆಯಲ್ಲಿ ಜೈಭೀಮ್ ಎಂದು ಕೂಗಿ ಮನೆಗೆ ಹೋಗಿ ಬೈಕು ಕೇಳುವ ಗಂಡುಗಳು ನಮ್ಮಲ್ಲೂ ಉಂಟು. ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಅವರಿಗೇ ಗೊತ್ತುಂಟು.

ಹಾಗಾದರೆ ಪುರೋಹಿತ ಬೇಡ, ಸಾಲ ಬೇಡ, ಹಾರ ಬದಲಿಸಿ ಮುಗಿಸುತ್ತೇವೆ ಎನ್ನುತ್ತೀರಿ. ಶಭಾಷ್! ಆದರೆ ಇಲ್ಲೊಂದು ಗುಂಡಿ ಉಂಟು. ಹಿಂದೂ ವಿವಾಹ ಕಾಯ್ದೆಯಡಿ ವಿಧಿಗಳು ನಡೆಯದಿದ್ದರೆ ಬರೀ ನೋಂದಣಿ ಪತ್ರದಿಂದ ಮದುವೆ ಆಗುವುದಿಲ್ಲ ಎಂದು ಸುಪ್ರೀಂ ಕೋರ್ಟು 2024ರಲ್ಲಿ ಹೇಳಿತು. ಈ ಕಾಯ್ದೆಯ 'ಹಿಂದೂ' ಒಳಗೆ ಬೌದ್ಧರನ್ನೂ ಸೇರಿಸಿದ್ದಾರೆ! ತಮಿಳುನಾಡು 1967ರಲ್ಲೇ ಕಾಯ್ದೆ ತಿದ್ದಿ, ನಾಲ್ಕು ಜನರ ಮುಂದೆ ಹಾರವೋ ಉಂಗುರವೋ ಬದಲಿಸಿದರೆ ಸಾಕು ಎಂದಿತು. ಕುವೆಂಪು 1966ರಲ್ಲಿ ಮಗ ತೇಜಸ್ವಿಗೆ ಮಂತ್ರ ಮಾಂಗಲ್ಯ ಮಾಡಿಸಿದ ಈ ನಾಡಿಗೆ ಅಂಥ ತಿದ್ದುಪಡಿ ತರಲು ಎಂತದು ರೋಗ? ಕುವೆಂಪು ಫೋಟೋಗೆ ಹಾರ ಹಾಕುವ ಮಂತ್ರಿಗಳನ್ನು ಕೇಳೋಣ.

ಅಲ್ಲಿಯವರೆಗೆ ದಾರಿ 1954ರ ವಿಶೇಷ ವಿವಾಹ ಕಾಯ್ದೆ. ಬಾಬಾಸಾಹೇಬರೂ ಡಾ. ಶಾರದಾ ಕಬೀರರೂ 1948ರಲ್ಲಿ ಆದದ್ದು ನೋಂದಣಿ ಮದುವೆಯೇ. ಇಲ್ಲಿ ಕಷ್ಟ ಬೇರೆ: ನೋಟಿಸು ಕಚೇರಿಯ ಗೋಡೆಯ ಮೇಲೆ 30 ದಿನ. ಜಾತಿ ದಾಟಿದವರಿಗೆ ಅದು ಮೂವತ್ತು ದಿನವಲ್ಲ, ಮೂವತ್ತು ವರ್ಷ. ಓದಿದವನು ಹುಡುಗಿಯ ಮನೆಗೆ ಓಡುತ್ತಾನೆ. ಓಡಲಿ. ವಯಸ್ಸು, ಮೊದಲ ಮದುವೆ, ನಿಷಿದ್ಧ ಸಂಬಂಧ ಇಂಥವಕ್ಕೆ ಮಾತ್ರ ತಕರಾರು ನಿಲ್ಲುತ್ತದೆ, ಜಾತಿಗಲ್ಲ. ಬೆಳಗಾವಿ ಕಡೆಯ ಉಪನ್ಯಾಸಕಿಯೊಬ್ಬರ ಪ್ರಕರಣದಲ್ಲಿ 2021ರಲ್ಲಿ ಸುಪ್ರೀಂ ಕೋರ್ಟು, ವಯಸ್ಸಿಗೆ ಬಂದ ಇಬ್ಬರು ಒಪ್ಪಿದ ಮೇಲೆ ಮನೆಯವರ, ಜಾತಿಯವರ ಒಪ್ಪಿಗೆ ಬೇಕಿಲ್ಲ ಎಂದಿತು.

ಬಜಗೋಳಿಯಿಂದ ಕಾರ್ಕಳಕ್ಕೆ ಬಸ್ಸು ಹತ್ತಿ ಉಪನೋಂದಣಿ ಕಚೇರಿಗೆ ಹೋಗಿ. ಗಂಡಿಗೆ 21, ಹೆಣ್ಣಿಗೆ 18 ತುಂಬಿರಬೇಕು. ಇಬ್ಬರಲ್ಲಿ ಒಬ್ಬರಾದರೂ ಜಿಲ್ಲೆಯಲ್ಲಿ 30 ದಿನ ವಾಸವಿರಬೇಕು. ಸಾಕ್ಷಿಗೆ ಮೂವರು ಬೇಕು. ಒಂದು ಹಾಸ್ಟೆಲ್ಲಿನಲ್ಲಿ ಮೂವರು ಸಿಗುವುದಿಲ್ಲವೇ?